ಹಸಿರಿನ ಕೆಳಗಿನ ಹನ್ನೊಂದು ಮನೆ

ಬುಧವಾರ, ಹದಿನಾಲ್ಕನೇ ತಾರೀಖು
ಫ್ರೇಮ್ ಅಂಗಡಿ, ಮಧ್ಯಾಹ್ನ ಊಟದ ಹೊತ್ತು

ಅಮ್ಮಾ,

ನೀನು ಚೆನ್ನಾಗಿದ್ದೀಯ ಅಂತ ಗೊತ್ತು. ಪೇಪರಿನಲ್ಲಿ ಫೋಟೊ ನೋಡಿದೆ, ಹಾಗಾಗಿ ವಿಚಾರಿಸುವುದಿಲ್ಲ. ನಾವು ಹೇಗಿದ್ದೇವೆ ಅಂತ ನೀನೂ ಕೇಳಬೇಡ. ಆ ಅಭ್ಯಾಸ ನಿನಗೆ ತಪ್ಪಿ ಎಂಟು ವರ್ಷ ಆಯಿತು.

ಫೋನ್ ಮಾಡಬಹುದಿತ್ತು. ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಕಿರುಚುತ್ತೇನೆ, ನೀನು ಬಣ್ಣ ಒಣಗುತ್ತಿದೆ ಆಮೇಲೆ ಮಾತಾಡೋಣ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಪತ್ರ. ಚಿತ್ರದ ಸುತ್ತ ಹಾಕುವ ಮೌಂಟ್ ಕತ್ತರಿಸಿ ಉಳಿದ ದಪ್ಪ ಹಾಳೆಯ ಮೇಲೆ ಬರೆಯುತ್ತಿದ್ದೇನೆ. ಹರಿದು ಬಿಸಾಡಬೇಕು ಅನ್ನಿಸಿದರೆ ಸ್ವಲ್ಪ ಕೈನೋವು ಮಾಡಿಕೊಳ್ಳಬೇಕಾಗುತ್ತದೆ. ತಪ್ಪುಗಳಿದ್ದರೆ ಇರಲಿ, ಒಂಬತ್ತನೇ ಕ್ಲಾಸಿಗೆ ಬಿಟ್ಟವಳು ನಾನು. ಅಕ್ಷರ ಮಾತ್ರ ದುಂಡಗಿದೆ. ಶಾಲೆಯಲ್ಲಿ ನನ್ನನ್ನು ಹೊಗಳಿದ್ದು ಅದೊಂದಕ್ಕೇ.

ವಿಷಯಕ್ಕೆ ಬರುತ್ತೇನೆ. ನಮ್ಮ ಇಳಿಜಾರಿನ ಹನ್ನೊಂದು ಮನೆಗಳನ್ನೂ ಕೆಡವುತ್ತಾರಂತೆ. ಅಲ್ಲಿ ಹೋಟೆಲ್ ಬರುತ್ತದೆ. ಹದಿನೈದು ವರ್ಷಕ್ಕಿಂತ ಹಿಂದಿನಿಂದ ಅಲ್ಲಿದ್ದೇವೆ ಅಂತ ತೋರಿಸಿದರೆ ನಮ್ಮನ್ನು ಯಾರೂ ಏಳಿಸುವ ಹಾಗಿಲ್ಲ. ಹೋಟೆಲಿನವರು ಹೇಳುವುದು, ಈ ಮನೆಗಳು ಮೊನ್ನೆ ಮೊನ್ನೆ ಎದ್ದದ್ದು ಅಂತ. ಇಲ್ಲ ಅನ್ನಲು ನಮ್ಮ ಹತ್ತಿರ ಏನಿದೆ? ಸೇತುವೆ ಕಟ್ಟಲು ಬಂದ ತಾತನಂಥವರಿಗೆ ಇಲ್ಲೇ ಇದ್ದುಕೊಳ್ಳಿ ಅಂತ ಬಾಯಿಮಾತಲ್ಲಿ ಕೊಟ್ಟ ಜಾಗ. ಒಂದು ಚೂರು ಕಾಗದ ಇಲ್ಲ. ಕರೆಂಟ್ ಮೀಟರ್ ಬಂದದ್ದೇ ಆರು ವರ್ಷದ ಹಿಂದೆ. ನೀನು ಹುಟ್ಟಿದ್ದು ಅದೇ ಮನೆಯಲ್ಲಿ, ನಾನು ಹುಟ್ಟಿದ್ದು ಅದೇ ಮನೆಯಲ್ಲಿ. ಇದನ್ನು ನಾವು ಹೇಳಿದರೆ ಲೆಕ್ಕಕ್ಕಿಲ್ಲವಂತೆ, ಮನೆ ಬೇಕಾದವರು ಹಾಗೇ ಹೇಳುತ್ತಾರಂತೆ.

ಸೋಮವಾರ ವಿಚಾರಣೆ ಇತ್ತು. ನಗರಸಭೆಯ ಎರಡನೇ ಮಹಡಿ, ಫ್ಯಾನು ತಿರುಗಿದರೆ ಗೋಡೆಯ ಸುಣ್ಣ ಉದುರುವ ಕೋಣೆ. ನಮ್ಮ ಕಡೆಯಿಂದ ಹನ್ನೊಂದು ಮನೆಯವರೂ ಹೋಗಿದ್ದೆವು. ಅಜ್ಜಿಯನ್ನು ನಾನೂ ಪಕ್ಕದ ಮನೆಯ ಟೈಲರ್ ಮಾವನೂ ಎರಡು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದೆವು. ಹೋಟೆಲ್ ಕಂಪನಿಯ ವಕೀಲ ಕಾಗದದ ಕಟ್ಟು ತರುತ್ತಾನೆ ಅಂದುಕೊಂಡಿದ್ದೆ. ಅವನು ತಂದದ್ದು ಚಿತ್ರಗಳು. ಹದಿನಾಲ್ಕು ಚಿತ್ರ, ಗಾಜು ಹಾಕಿ ಫ್ರೇಮ್ ಮಾಡಿದ್ದು. ಒಂದೊಂದನ್ನೇ ತೆಗೆದು ಗೋಡೆಗೆ ಒರಗಿಸಿಟ್ಟ. ಹದಿನಾಲ್ಕರಲ್ಲೂ ಅದೇ ನದಿ, ಅದೇ ಬೆಟ್ಟ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖು. ಎಲ್ಲಕ್ಕಿಂತ ಹಳೆಯದು ಹದಿನೆಂಟು ವರ್ಷದ ಹಿಂದಿನದು. ಯಾವುದರಲ್ಲೂ ಒಂದು ಮನೆ ಇಲ್ಲ. ಬರೀ ಹಸಿರು.

ನಿನ್ನ ಕೈ ನನಗೆ ದೂರದಿಂದಲೇ ಗೊತ್ತಾಗುತ್ತದೆ.

ವಕೀಲ ಮೆತ್ತಗಿನ ದನಿಯವನು. ಒಂದು ಫ್ರೇಮ್ ತಿರುಗಿಸಿ ಹಿಂದೆ ಅಂಟಿಸಿದ ಚೀಟಿಯನ್ನು ಗಟ್ಟಿಯಾಗಿ ಓದಿದ. ಯಾರೋ ಬರೆದಿದ್ದಾರೆ, 'ನದಿಯ ದಡದಲ್ಲೇ ಕುಳಿತು, ಕಂಡದ್ದನ್ನು ಕಂಡ ಹಾಗೇ ಬರೆದ ಚಿತ್ರ' ಅಂತ. ಹದಿನಾಲ್ಕರ ಹಿಂದೆಯೂ ಅದೇ ಮಾತು. ಇಷ್ಟು ಹೆಸರಾಂತ ಕಲಾವಿದೆ, ಹದಿನೆಂಟು ವರ್ಷ ಒಂದೇ ಜಾಗ ನೋಡಿ ಬರೆದವರು, ಹನ್ನೊಂದು ಮನೆ ಇದ್ದಿದ್ದರೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲವೇ ಅಂತ ಕೇಳಿದ. ವಿಚಾರಣೆ ನಡೆಸುವ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಕೋಣೆಯ ಆ ಕಡೆ ನಿನ್ನ ಬೆಟ್ಟ, ಈ ಕಡೆ ನಾವು. ಅವರು ನೋಡುತ್ತಿದ್ದದ್ದು ಬೆಟ್ಟವನ್ನು.

ಅಜ್ಜಿ ಎದ್ದಳು. ಯಾರೂ ಕರೆದಿರಲಿಲ್ಲ. ಚಿತ್ರದ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ, ಬೆಟ್ಟದ ಕೆಳಗೆ ಗಾಜಿನ ಮೇಲೆ ಬೆರಳಿಟ್ಟಳು.

"ಇಲ್ಲೇ ಸ್ವಾಮಿ. ಈ ಹಸಿರು ಇದೆಯಲ್ಲ, ಇದರ ಕೆಳಗೆ ನನ್ನ ಒಲೆ ಇದೆ."

ಗಾಜು ಮುಟ್ಟಬೇಡಿ ಅಂತ ಗುಮಾಸ್ತ ಗದರಿದ. ಮನೆ ಚಿತ್ರದಲ್ಲಿ ಇಲ್ಲವಲ್ಲಮ್ಮ ಅಂತ ಸಾಹೇಬರು ಸಮಾಧಾನವಾಗಿಯೇ ಹೇಳಿದರು. ಮತ್ತೆ ನಲವತ್ತು ವರ್ಷದಿಂದ ನಾನು ಗಾಳಿ ಮೇಲೆ ಅಡುಗೆ ಮಾಡ್ತಿದ್ದೆನಾ ಅಂತ ಅಜ್ಜಿ ಕೇಳಿದಳು. ಕೆಲವರು ನಕ್ಕರು. ವಾಪಸ್ಸು ಬಂದು ಕೂರುವಾಗ ನನ್ನ ಕಿವಿಯಲ್ಲಿ ಏನು ಹೇಳಿದಳು ಗೊತ್ತಾ?

"ನೀರು ಎಷ್ಟು ಚೆನ್ನಾಗಿ ಬರೆದಿದ್ದಾಳೆ ನೋಡೇ. ಒದ್ದೆ ಕಾಣುತ್ತೆ."

ಅಲ್ಲೇ ಎದ್ದು ಎಲ್ಲ ಗಾಜನ್ನೂ ಒದೆಯಬೇಕು ಅನ್ನಿಸಿತು. ಒದೆಯಲಿಲ್ಲ. ನಾನೇ ಒರೆಸಿ ಕೂರಿಸಿದ ಗಾಜು.

ಈಗ ನಿನ್ನನ್ನು ಒಂದು ಕೇಳುತ್ತೇನೆ. ಚಿಕ್ಕವಳಿದ್ದಾಗಲೂ ಕೇಳಿದ್ದೆ, ಆಗ ನನಗೆ ಏಳೋ ಎಂಟೋ ವರ್ಷ. ಬೆಳಿಗ್ಗೆ ಆರಕ್ಕೆ ನಿನ್ನ ಜೊತೆ ಸೇತುವೆ ದಾಟಿ ಆಚೆ ದಡಕ್ಕೆ ಬರುತ್ತಿದ್ದೆ. ನಿನ್ನ ಹೆಗಲಿಗೆ ಬೋರ್ಡು, ಮಡಚುವ ಸ್ಟೂಲು. ನನ್ನ ಕೈಯಲ್ಲಿ ಎರಡು ಡಬ್ಬಿ ನೀರು, ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣಕ್ಕೆ. ಎರಡೂ ಅದಲುಬದಲಾದರೆ ಬೆನ್ನಿಗೆ ಒಂದು ಬೀಳುತ್ತಿತ್ತು. ಹಿಂದಿನ ದಿನವೇ ನೀನು ಪೇಪರ್ ನೆನೆಸಿ, ಸುತ್ತ ಗೋಂದಿನ ಟೇಪ್ ಹಚ್ಚಿ ಬೋರ್ಡಿಗೆ ಬಿಗಿದಿರುತ್ತಿದ್ದೆ. ಆ ಬೋರ್ಡು ಅಜ್ಜಿ ತರಕಾರಿ ಹೆಚ್ಚುವ ಹಲಗೆ. ನಿನ್ನ ಪೇಪರ್ ಒಣಗುವವರೆಗೆ ಅವಳು ಈರುಳ್ಳಿಯನ್ನು ಅಂಗೈಯಲ್ಲಿಟ್ಟುಕೊಂಡು ಹೆಚ್ಚುತ್ತಿದ್ದಳು, ಮಗಳು ಬೆಟ್ಟ ಬರೀತಾಳೆ ನಾನು ಬೆರಳು ಕುಯ್ಕೊಳ್ತೀನಿ ಅಂತ ಗೊಣಗಿಕೊಂಡು.

ಮೊದಲು ನೀನು ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಿಂದ ಎಲ್ಲ ಬರೆಯುತ್ತಿದ್ದೆ. ಎಲ್ಲ ಅಂದರೆ ಎಲ್ಲ. ಹನ್ನೊಂದು ಮನೆ, ಟೈಲರ್ ಮಾವನ ತಗಡಿನ ಚಾವಣಿ, ತಂತಿಯ ಮೇಲಿನ ಬಟ್ಟೆ, ಮೆಟ್ಟಿಲ ಮೇಲೆ ಕೂತ ಅಜ್ಜಿ. ಆಮೇಲೆ ದೊಡ್ಡ ಪೇಪರಿಗೆ ಬರುತ್ತಿದ್ದೆ. ಬೋರ್ಡನ್ನು ಓರೆ ಮಾಡಿ ಮೇಲಿಂದ ಆಕಾಶ ಇಳಿಸುತ್ತಿದ್ದೆ, ನಡುವೆ ನಿಲ್ಲಿಸಿದರೆ ಗೆರೆ ಕಟ್ಟುತ್ತದೆ ಅಂತ ಉಸಿರೂ ಬಿಡುತ್ತಿರಲಿಲ್ಲ. ಚಳಿಗೆ ನಿನ್ನ ಬೆರಳು ನೀಲಿ ಆಗುತ್ತಿದ್ದವು. ಬಣ್ಣ ಒಣಗದಿದ್ದರೆ ಅದರ ಪಕ್ಕ ಇನ್ನೊಂದು ಹಾಕುವ ಹಾಗಿಲ್ಲ. ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಯುತ್ತಿದ್ದೆ. ಹಿಂದೆ ನಿಂತು ನೋಡುವವರು ಫೋಟೊ ತೆಗೆದರೆ ಒಂದು ನಿಮಿಷದ ಕೆಲಸ ಅಲ್ವಾ ಅನ್ನುತ್ತಿದ್ದರು. ನೀನು ತಿರುಗಿಯೂ ನೋಡುತ್ತಿರಲಿಲ್ಲ. ಅಂಥ ನಿನ್ನ ಮೇಲೆ ನನಗೆ ಎಷ್ಟು ಹೆಮ್ಮೆ ಇತ್ತು ಅಂತ ಈಗ ನೆನೆದರೆ ಮೈ ಉರಿಯುತ್ತದೆ.

ಕೊನೆಗೆ ನೀನು ಚಿತ್ರದ ಇಳಿಜಾರಿಗೆ ಬರುತ್ತಿದ್ದೆ. ದೊಡ್ಡ ಬ್ರಶ್ ಅದ್ದಿ, ಈ ಕಡೆಯಿಂದ ಆ ಕಡೆಗೆ ಒಂದೇ ಸಲ ಹಸಿರು ಎಳೆದುಬಿಡುತ್ತಿದ್ದೆ. ನಮ್ಮ ಮೇಲೆ.

ನಮ್ಮ ಮನೆ ಎಲ್ಲಿ ಅಂತ ಕೇಳಿದೆ. ನೀನು ಬ್ರಶ್ ತೊಳೆಯುತ್ತಾ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ.

"ಮನೆ ಹಾಕಿದ್ರೆ ಬೆಟ್ಟ ಚಿಕ್ಕದಾಗುತ್ತೆ ಕಣೇ."

ಆವಾಗ ಒಪ್ಪಿಕೊಂಡೆ. ಚಿತ್ರದ ವಿಷಯ, ನಿನಗೆ ಗೊತ್ತಿರುತ್ತದೆ ಅಂತ. ಈಗ ಐದು ವರ್ಷದಿಂದ ಫ್ರೇಮ್ ಅಂಗಡಿಯಲ್ಲಿ ದಿನಾ ನೂರು ಚಿತ್ರ ನೋಡುತ್ತೇನೆ, ನನ್ನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ನಮ್ಮ ಗೋಡೆಗಳು ಬಿಳಿ. ನಿನ್ನ ಕೆಲಸದಲ್ಲಿ ಬಿಳಿ ಬಣ್ಣ ಇಲ್ಲ, ಬಿಳಿ ಅಂದರೆ ಬ್ರಶ್ ತಾಗಿಸದೆ ಬಿಟ್ಟ ಪೇಪರು. ನೀನೇ ಹೇಳಿಕೊಟ್ಟದ್ದು. ಅಂದರೆ ನಮ್ಮನ್ನು ತೋರಿಸಲು ನೀನು ಏನೂ ಮಾಡಬೇಕಿರಲಿಲ್ಲ ಅಮ್ಮ. ಹನ್ನೊಂದು ಕಡೆ ಉಗುರಿನಷ್ಟು ಜಾಗ ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು. ನೀನು ಮೈಬಗ್ಗಿಸಿ ಕೆಲಸ ಮಾಡಿ ನಮ್ಮನ್ನು ತೆಗೆದೆ.

ಖಾಲಿ ಬೆಟ್ಟ ಹೋಯಿತು, ಕ್ಯಾಲೆಂಡರಿಗೆ, ಬ್ಯಾಂಕಿನ ಗೋಡೆಗೆ, ಡಾಕ್ಟರರ ಮನೆಗೆ. ಅಪ್ಪ ಸತ್ತ ಮೇಲೆ ಅದೇ ಬೆಟ್ಟ ನಮಗೆ ಊಟ ಹಾಕಿತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆಮೇಲೆ ನೀನು ಉತ್ತರಕ್ಕೆ ಕಿಟಕಿ ಇರುವ ಕೋಣೆ ಬೇಕು, ಇಲ್ಲಿ ಬೆಳಕು ಸರಿಯಿಲ್ಲ ಅಂತ ಹೋದೆ. ಆಗ ನನಗೆ ಹನ್ನೊಂದು ವರ್ಷ. ಆರು ತಿಂಗಳಲ್ಲಿ ಕರೆಸಿಕೊಳ್ಳುತ್ತೇನೆ ಅಂದೆ. ಆಮೇಲೂ ಆಚೆ ದಡಕ್ಕೆ ಬಂದು ಕೂತು ಬರೆದು ಹೋಗುತ್ತಿದ್ದೆ, ನಮಗೆ ಕಾಣಿಸುತ್ತಿತ್ತು. ಮೆಟ್ಟಿಲ ಮೇಲಿಂದ ನೋಡಿದರೆ ನೀನು ಒಂದು ಚುಕ್ಕಿ. ಅಜ್ಜಿ ಸೀರೆ ಒಣಹಾಕುವ ನೆವ ಮಾಡಿ ನಿಂತೇ ಇರುತ್ತಿದ್ದಳು. ಒಂದು ಸಲ ನಾನು ಕೈ ಬೀಸಿದೆ. ನೀನೂ ಕೈ ಎತ್ತಿದೆ ಅಂದುಕೊಂಡು ಎರಡು ದಿನ ಹಾರಾಡಿದೆ. ಅಜ್ಜಿ ಹೇಳಿದಳು, ಅವಳು ಬ್ರಶ್ ಎತ್ತಿ ಅಳತೆ ನೋಡ್ತಿದ್ದಳು ಕಣೇ ಅಂತ.

ಹೋಟೆಲಿನ ಕೋಣೆಗಳಿಗೆ ನಲವತ್ತು ಚಿತ್ರ ಬರೆಯಲು ಒಪ್ಪಿಕೊಂಡಿದ್ದೀಯ ಅಂತ ಪೇಪರಿನಲ್ಲಿತ್ತು. ಆ ಹದಿನಾಲ್ಕನ್ನು ಅವರು ಯಾಕೆ ಹುಡುಕಿ ಕೊಂಡರು ಅಂತ ನಿನಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿರಲಿಲ್ಲ ಅಂತಲೇ ಅಂದುಕೊಳ್ಳುತ್ತೇನೆ. ಈಗ ಗೊತ್ತಾಯಿತಲ್ಲ.

ಬರುವ ಬುಧವಾರ, ಇಪ್ಪತ್ತೊಂದನೇ ತಾರೀಖು, ಹತ್ತೂವರೆಗೆ ಕೊನೆಯ ವಿಚಾರಣೆ. ನೀನು ಬರಬೇಕು. ಬರೀ ಕೈಯಲ್ಲಿ ಬರಬೇಡ, ಪೆನ್ಸಿಲ್ ಪುಸ್ತಕಗಳನ್ನು ತಾ. ನೀನು ಅವನ್ನು ಎಸೆಯುವವಳಲ್ಲ, ತುಂಡು ಪೇಪರನ್ನೂ ಎಸೆದವಳಲ್ಲ. ಪ್ರತಿ ಹಾಳೆಯ ಮೇಲೂ ತಾರೀಖು ಇದೆ, ಹನ್ನೊಂದು ಮನೆಯೂ ಇವೆ. ಸಾಹೇಬರ ಮುಂದೆ ಪುಸ್ತಕ ಬಿಚ್ಚಿಟ್ಟು, ಮನೆಗಳು ಇದ್ದವು, ನಾನು ಬಿಟ್ಟೆ ಅನ್ನು. ನಾಲ್ಕು ಪದ. ಅಷ್ಟು ಹೇಳಿದರೆ ನಿನ್ನ ಗ್ಯಾಲರಿಯವರ ಮುಖ ಸಣ್ಣಗಾಗುತ್ತದೆ. ಕಂಡದ್ದನ್ನು ಕಂಡ ಹಾಗೇ ಬರೆಯುವವಳು ಅಂತ ಬಂದ ಹೆಸರಿಗೆ ಮಸಿ ಹತ್ತುತ್ತದೆ. ನಲವತ್ತು ಚಿತ್ರವೂ ಕೈಬಿಡುತ್ತದೆ. ಹುಟ್ಟಿದ್ದು ಇಳಿಜಾರಿನ ಮನೆಯಲ್ಲಿ ಅಂತ ಎಲ್ಲರಿಗೂ ತಿಳಿಯುತ್ತದೆ, ನೀನು ಯಾರಿಗೂ ಹೇಳಿಲ್ಲವಂತಲ್ಲ. ಇದೆಲ್ಲ ಆಗುವುದಿಲ್ಲ ಅಂತ ಸುಳ್ಳು ಹೇಳಿ ಕರೆಯುವುದಿಲ್ಲ. ಆಗುತ್ತದೆ. ಆದರೂ ಬಾ ಅನ್ನುತ್ತಿದ್ದೇನೆ.

ಈ ಪತ್ರ ಬರೆಯುವುದು ಅಜ್ಜಿಗೆ ಗೊತ್ತಿಲ್ಲ. ನಿನ್ನ ಹೆಸರೆತ್ತಿದರೆ ಸಾಕು, ಅವಳನ್ನು ಯಾಕೆ ಬೀದಿಗೆ ಎಳೀತೀಯ, ಅವಳ ಪಾಡಿಗೆ ಬರ್ಕೊಂಡಿರಲಿ ಬಿಡು ಅಂತಾಳೆ. ಸೋಮವಾರದಿಂದ ಸಾಮಾನುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಕಟ್ಟುತ್ತಿದ್ದಾಳೆ. ಆ ಹಲಗೆಯನ್ನೂ ಕಟ್ಟಿಟ್ಟಳು. ಅದರ ನಾಲ್ಕು ಅಂಚಿನಲ್ಲೂ ನಿನ್ನ ಟೇಪಿನ ಗೋಂದು ಇನ್ನೂ ಇದೆ, ಎಂಟು ವರ್ಷ ಉಜ್ಜಿದರೂ ಹೋಗಿಲ್ಲ. ಉಜ್ಜಿದಳೋ ಇಲ್ಲವೋ.

ನೀನು ಬರದಿದ್ದರೆ ಮತ್ತೆ ಪತ್ರ ಬರೆಯುವುದಿಲ್ಲ. ಬರೆದರೂ ಯಾವ ಮನೆಯಿಂದ ಅಂತ ಮೇಲೆ ಹಾಕಲಿ?

ನಿನ್ನ ಬೆಟ್ಟದ ಕೆಳಗಿನ ನಾಲ್ಕನೇ ಮನೆಯವಳು,
ನಿನ್ನ ಮಗಳು

ತಾ.ಕ.: ಕವರಿಗೆ ಗೋಂದು ಹಚ್ಚಿಯಾಗಿತ್ತು, ಮತ್ತೆ ಬಿಚ್ಚಿದೆ. ಮೇಲೆ ಒಂದು ಕಡೆ 'ಯಾರೋ ಬರೆದಿದ್ದಾರೆ' ಅಂತ ಬರೆದಿದ್ದೇನಲ್ಲ, ಆ ಯಾರೋ ನಾನು. ಮೂರು ವರ್ಷದ ಹಿಂದೆ ನಿನ್ನ ದೊಡ್ಡ ಪ್ರದರ್ಶನಕ್ಕೆ ಹಳೆಯ ಚಿತ್ರಗಳೆಲ್ಲ ಫ್ರೇಮಿಗೆ ನಮ್ಮ ಅಂಗಡಿಗೇ ಬಂದಿದ್ದವು. ಹಿಂದೆ ಹೆಸರು, ತಾರೀಖು ಮಾತ್ರ ಬರೆದು ಅಂಟಿಸು ಅಂದಿದ್ದರು ನಮ್ಮ ಯಜಮಾನರು. ಕಂಡದ್ದನ್ನು ಕಂಡ ಹಾಗೇ ಅನ್ನುವ ಮಾತು ನಾನೇ ಸೇರಿಸಿದ್ದು, ಒಂದೊಂದರ ಮೇಲೂ, ದುಂಡಗೆ. ಆ ಚಳಿಯಲ್ಲಿ ನೀನು ಕೂತದ್ದು ನೋಡಲು ಬಂದವರಿಗೆಲ್ಲ ಗೊತ್ತಾಗಲಿ ಅಂತ. ಪ್ರದರ್ಶನಕ್ಕೆ ನೀನು ನನ್ನನ್ನು ಕರೆದಿರಲಿಲ್ಲ, ಆದರೂ ಬರೆದೆ. ಮನೆಗಳಿಲ್ಲ ಅಂತ ಬರೆಯುವಾಗಲೂ ಗೊತ್ತಿತ್ತು. ನೀನು ಯಾವತ್ತಾದರೂ ಒಂದು ಚಿತ್ರ ತಿರುಗಿಸಿದ್ದರೆ ನನ್ನ ಅಕ್ಷರ ಗುರುತು ಸಿಗುತ್ತಿತ್ತು. ಸೋಮವಾರ ವಕೀಲ ಓದುವಾಗ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಜ್ಜಿಗೆ ಓದಲು ಬರುವುದಿಲ್ಲ, ನನ್ನ ಅಕ್ಷರ ಗುರುತು ಸಿಗಲಿಲ್ಲ, ಅದಕ್ಕೇ ಬಚಾವಾದೆ. ಇಪ್ಪತ್ತೊಂದಕ್ಕೆ ನೀನು ಬಂದರೂ ಬರದಿದ್ದರೂ ನಾನು ಎದ್ದು ನಿಂತು ಫ್ರೇಮಿನ ಹಿಂದೆ ಇರುವುದು ಸುಳ್ಳು, ಬರೆದವಳು ನಾನು ಅಂತ ಹೇಳುತ್ತೇನೆ. ಫ್ರೇಮಿನ ಮುಂದೆ ಇರುವುದನ್ನು ಹೇಳಲು ನನಗೆ ಬರುವುದಿಲ್ಲ. ಅದು ನಿನ್ನದು.