ಮೊದಲು ನನ್ನ ಕೈ ನೋಡು

ಬಸ್ಸಿಗೆ ಹೊತ್ತಾಯಿತೆಂದು ಓಡುವ ನನ್ನ ಸೊಸೆಗೆ,

ಒಂದೇ ಮನೆಯಲ್ಲಿದ್ದುಕೊಂಡು ಮಾವ ಕಾಗದ ಬರೆಯುತ್ತಿದ್ದಾನಲ್ಲ, ತಲೆಗಿಲೆ ಕೆಟ್ಟಿತೇ ಅಂದುಕೊಳ್ಳಬೇಡ. ಭಾನುವಾರದಿಂದ ನಿನ್ನ ಹತ್ತಿರ ಮಾತಾಡಬೇಕೆಂದು ಎಷ್ಟು ಸಲ ಬಂದೆನೋ. ಬಂದಾಗಲೆಲ್ಲ ನೀನು "ಕಾಫಿ ಬೇಕಾ ಮಾವ?" ಅಂತ ಕೇಳಿಬಿಡುತ್ತೀಯ. ಬೇಡದಿದ್ದರೂ ಹೂಂ ಅನ್ನುತ್ತೇನೆ. ಕಾಫಿ ಒಳಗೆ ಹೋಯಿತೇ ಹೊರತು ಮಾತು ಹೊರಗೆ ಬರಲಿಲ್ಲ. ಅದಕ್ಕೇ ಈ ಕಾಗದವನ್ನು ನಿನ್ನ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಇಡುತ್ತಿದ್ದೇನೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಓದು.

ಈ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವನು ನಾನು. ಕಣ್ಣಿಗೆ ಪೊರೆ ಬಂದ ಮೇಲೆ ಓಡಿಸುವುದನ್ನು ಬಿಟ್ಟೆ, ಕಲಿಸುವುದನ್ನು ಮಾತ್ರ ಬಿಡಲಿಲ್ಲ. ನೀನು ತವರಿನಲ್ಲಿ ನಿಮ್ಮಮ್ಮನ ಹತ್ತಿರ ಕಲಿತು ಬಂದವಳು ಅನ್ನುವುದು ನನಗೆ ಮೊದಲಿನಿಂದಲೂ ಒಂದು ಮುಳ್ಳು. ನಿನಗೆ ಹೊಸ ಕೆಲಸ ಸಿಕ್ಕಿತು. ಪಾರ್ಶ್ವವಾಯು ಹೊಡೆದವರ ಮನೆಮನೆಗೆ ಹೋಗಿ ಕೈಕಾಲು ಆಡಿಸಲು ಕಲಿಸುವ ಕೆಲಸ, ಕಾರಿಲ್ಲದೆ ಆಗದ ಕೆಲಸ. ನಮ್ಮ ಕಾರು ತೆಗೆದುಕೊಂಡು ಹೋಗಲೇ ಅಂತ ನೀನು ಕೇಳಿದೆ. "ನೋಡೋಣ, ಭಾನುವಾರ ನಿಮ್ಮ ದೊಡ್ಡತ್ತೆ ಮನೆಗೆ ಓಡಿಸು, ಆಮೇಲೆ ಹೇಳ್ತೀನಿ" ಅಂದೆ ನಾನು. ನೆರೆಮನೆಯ ಹುಡುಗಿಗೆ ಪರೀಕ್ಷೆ ಇಟ್ಟ ಹಾಗೆ ಮನೆಯವಳಿಗೇ ಪರೀಕ್ಷೆ ಇಟ್ಟೆ.

ನಿನ್ನ ಅತ್ತೆ, ನಿನ್ನ ಗಂಡ ಹಿಂದೆ. ನೀನು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ. ಏರು ರಸ್ತೆ ಶುರುವಾದ ಮೇಲೆ ಸುಟ್ಟ ವಾಸನೆ ಬಂತು. ಮೂಗಿಗೆ ಬಿದ್ದದ್ದೇ ತಡ, ನನ್ನ ನಾಲಿಗೆ ಎದ್ದು ನಿಂತಿತು. "ಕ್ಲಚ್ ಮೇಲಿಂದ ಕಾಲು ತೆಗಿ! ಅದೇನು ಕಾಲುಮಣೆ ಅಂದ್ಕೊಂಡ್ಯಾ?"

"ಕಾಲು ಇಟ್ಟೇ ಇಲ್ಲ ಮಾವ. ಗಾಡಿನೇ ಯಾಕೋ ಎಳೀತಿಲ್ಲ" ಅಂದೆ ನೀನು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ. ನಿನ್ನ ಗಂಡ ನಕ್ಕ. ನಿನ್ನ ಕಿವಿ ಕೆಂಪಗಾದದ್ದು ಪೊರೆ ಬಂದ ಕಣ್ಣಿಗೂ ಕಂಡಿತು, ಆದರೂ ಬಾಯಿ ಮುಚ್ಚಲಿಲ್ಲ.

ನೀನು ಮುಂದಿದ್ದ ಲಾರಿಯ ಹೊಗೆಯಿರಬಹುದೆಂದು ಅದನ್ನು ದೂರ ಹೋಗಲು ಬಿಟ್ಟೆ. ವಾಸನೆ ಹೋಗಲಿಲ್ಲ. ಬಿಸಿ ತೋರಿಸುವ ಮುಳ್ಳು ನೋಡಿದೆ, ಅದು ಇರಬೇಕಾದ ಜಾಗದಲ್ಲೇ ಇತ್ತು. ಬಾಗಿಲು ಮುಚ್ಚಿದ್ದ ಸಿಮೆಂಟ್ ಅಂಗಡಿಯ ಮುಂದೆ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿದೆ. ಬಾನೆಟ್ ಎತ್ತಿ ಮೂಸಿದೆ. ಆಮೇಲೆ ಚಕ್ರಗಳ ಸುತ್ತ ಒಂದು ಸುತ್ತು ಬಂದೆ, ಮುಟ್ಟದೆ, ಅಂಗೈ ಮಾತ್ರ ಹತ್ತಿರ ಹಿಡಿದು. ಹಿಂದಿನ ಚಕ್ರಗಳ ಹತ್ತಿರ ನೀನು ಕೈ ಸರಕ್ಕನೆ ಹಿಂದೆಳೆದುಕೊಂಡದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಅವರಿಬ್ಬರೂ ಇಳಿದು ಮರದ ನೆರಳಿಗೆ ಹೋಗಿದ್ದರು. ನಾನು ಇಳಿಯಲಿಲ್ಲ. ಗುರುಗಳಲ್ಲವೇ!

ನೀನು ಬಂದು ಬಾಗಿಲು ತೆರೆದೆ. ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದೆ.

ಅದು ಹ್ಯಾಂಡ್‌ಬ್ರೇಕಿನ ಮೇಲಿತ್ತು. ಕಲಿಯುವವರ ಪಕ್ಕ ಕೂತು ಕೂತು ಅಂಟಿದ ಚಾಳಿ. ಹೆದರಿದಾಗಲೆಲ್ಲ ಕೈ ತಾನಾಗಿ ಬ್ರೇಕನ್ನು ಒಂದೆರಡು ಹಲ್ಲು ಮೇಲಕ್ಕೆಳೆಯುತ್ತದೆ, ನನಗೆ ಗೊತ್ತೇ ಆಗುವುದಿಲ್ಲ. ಹಾಗೆ ಅರ್ಧ ಹಿಡಿದ ಬ್ರೇಕೇ ಹಿಂದಿನ ಚಕ್ರಗಳನ್ನು ಸುಡುತ್ತಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ನನ್ನ ಕೈಯಡಿಯಲ್ಲೇ ಇದ್ದದ್ದನ್ನು ನಿನ್ನ ಕಾಲಡಿಯಲ್ಲಿ ಹುಡುಕಿದೆ. ಬ್ರೇಕು ಹಿಡಿದರೆ ಮುಂದೆ ಉರಿಯಬೇಕಾದ ಕೆಂಪು ದೀಪ ಕೆಟ್ಟು ಬಹಳ ಕಾಲವಾಗಿತ್ತು. ಹಾಕಿಸೋಣ ಅಂತ ಮಗ ಅಂದಾಗ "ನನಗ್ಯಾಕೋ ದೀಪ?" ಅಂದವನೂ ನಾನೇ.

ನೀನು ನನ್ನ ಕೈಯನ್ನು ಮೆಲ್ಲಗೆ ಎತ್ತಿ ನನ್ನ ತೊಡೆಯ ಮೇಲಿಟ್ಟೆ, ರೋಗಿಯ ಕೈ ಎತ್ತಿಡುವ ಹಾಗೆ. ಬ್ರೇಕು ಇಳಿಸಿದೆ. ಅದು ಟಕ್ ಅಂತ ಕೆಳಗೆ ಬಿದ್ದ ಸದ್ದು ನಮ್ಮಿಬ್ಬರಿಗೇ ಕೇಳಿಸಿತು. ಚಕ್ರ ತಣಿಯುವವರೆಗೆ ಕಾದು ಎಲ್ಲರೂ ಹತ್ತಿದಾಗ ನಿನ್ನ ಅತ್ತೆ "ಏನಾಗಿತ್ತೇ?" ಅಂದಳು. ನೀನು ಏನೆಂದೆ, ನೆನಪಿದೆಯಾ? "ಮಾವ ಹೇಳಿದ್ದೇ ಸರಿ ಅತ್ತೆ. ಕ್ಲಚ್ಚೇ."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ, ಆದರೆ ಬಂದದ್ದು ಬೇರೆ ಮಾತು. "ಇನ್ನಾದ್ರೂ ಕಲಿತ್ಕೋ" ಅಂದೆ. ಥೂ, ಬರೆಯುವಾಗ ನನಗೇ ಹೇಸಿಗೆಯಾಗುತ್ತದೆ ಮಗಳೇ. ಕೈ ಮಾಡಿದ ತಪ್ಪು ಚಾಳಿಯದು ಅನ್ನಬಹುದು. ನಾಲಿಗೆ ಮಾಡಿದ್ದು ತಿಳಿದೂ ಮಾಡಿದ್ದು.

ಅದರ ಫಲವನ್ನು ನೀನು ಉಣ್ಣುತ್ತಿದ್ದೀಯ. ನಿನ್ನ ಗಂಡ "ನಿಂಗ್ಯಾಕೆ ಕಾರಿನ ಸಹವಾಸ, ಬಸ್ಸಲ್ಲೇ ಹಳೇ ಕೆಲಸಕ್ಕೆ ಹೋಗು" ಅಂದ. ನೀನು ಕೀಲಿಯನ್ನು ಗೋಡೆಯ ಮೊಳೆಗೆ ಹಾಕಿದೆ. ನಿನ್ನೆ ಬಾಲ್ಕನಿಯಲ್ಲಿ ಹೊಸ ಕೆಲಸದವರಿಗೆ ಫೋನಿನಲ್ಲಿ ಹೇಳುತ್ತಿದ್ದೆ, "ಸೋಮವಾರ ಬರಕ್ಕಾಗಲ್ಲ ಮೇಡಂ, ಗಾಡಿ ಇಲ್ಲ." ಪೇಪರ್ ಹಿಡಿದು ಕೂತಿದ್ದ ನನಗೆ ಆಮೇಲೆ ಒಂದಕ್ಷರವೂ ಕಾಣಲಿಲ್ಲ, ಅದು ಪೊರೆಯಿಂದಲ್ಲ. ಮನೆಯಲ್ಲಿ ಯಾರಾದರೂ "ವಾಸನೆ" ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತೇನೆ. ಮೊನ್ನೆ ಹಾಲು ಹೊತ್ತಿದಾಗಲೂ ಎದ್ದು ನಿಂತಿದ್ದೆ.

ನೀನು ಫೋನಿಟ್ಟ ಮೇಲೆ ನಮ್ಮ ಡ್ರೈವಿಂಗ್ ಸ್ಕೂಲಿನ ಹಳೆಯ ಶಿಷ್ಯನನ್ನು ಕರೆದುಕೊಂಡು ಗ್ಯಾರೇಜಿಗೆ ಹೋಗಿ ಹಿಂದಿನ ಬ್ರೇಕು ಬಿಚ್ಚಿಸಿ ಸರಿಮಾಡಿಸಿದೆ. ಕೆಂಪು ದೀಪ ಹಾಕಿಸಿದೆ. ಈಗ ಉಳಿದಿರುವುದು ನಾನು. ಇವತ್ತು ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿನ್ನಲ್ಲಿ ಒಂದೇ ಬೇಡಿಕೆ, ಆಗ ನೀನು ಅಡ್ಡ ಬರಬೇಡ. "ಇಲ್ಲ, ನನ್ನದೇ ತಪ್ಪು" ಅಂತ ಮತ್ತೆ ನನ್ನ ಮಾನ ಕಾಯಬೇಡ. ನೀನು ಹಾಗಂದರೆ ನಾನು ಮತ್ತೆ ಸುಮ್ಮನಾಗಿಬಿಟ್ಟೇನು ಅನ್ನುವ ಭಯ ನನಗಿದೆ.

ಬಸ್ಸಿಳಿದ ಕೂಡಲೇ ಆ ಮೇಡಂಗೆ ಫೋನ್ ಮಾಡಿ ಸೋಮವಾರ ಬರುತ್ತೇನೆ ಅನ್ನು. ಚೀಲದಲ್ಲಿ ಇನ್ನೊಂದು ಸಲ ಕೈಯಾಡಿಸು, ಕೀಲಿ ಅಲ್ಲೇ ಇದೆ. ಮುಂದೆಂದಾದರೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಮನಸ್ಸಾದರೆ, ಆ ಕೆಂಪು ದೀಪ ಉರಿದರೆ, ಬಾನೆಟ್ ಎತ್ತಬೇಡ. ಮೊದಲು ನನ್ನ ಕೈ ನೋಡು.

ಕಲಿತು ಹೊರಡುವ ಪ್ರತಿಯೊಬ್ಬರಿಗೂ ಹೇಳುತ್ತಿದ್ದ, ನಿನಗೆ ಮಾತ್ರ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಈಗ ಹೇಳುತ್ತಿದ್ದೇನೆ. ಕನ್ನಡಿ ನೋಡಿಕೋ, ಧೈರ್ಯವಾಗಿ ಹೊರಡು. ನಿನ್ನ ದಾರಿ ಸುಗಮವಾಗಲಿ.

ತಲೆ ತಗ್ಗಿಸಿಕೊಂಡು,
ನಿನ್ನ ಮಾವ