ಸ್ಲಶ್ ಮಿಷನ್ನಿಗೆ ಹೊಲಿದ ಕವರ್

ಏಪ್ರಿಲ್ ೧೭, ಗುರುವಾರ

ತಿಮ್ಮಯ್ಯನವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳದೆ ಕಳಿಸಿಬಿಟ್ಟೆ.

ಒಂದು ತಿಂಗಳಿಂದ ನಮ್ಮ ಜ್ಯೂಸ್ ಅಂಗಡಿಯ, ಶರಬತ್ತನ್ನು ಪುಡಿ ಐಸಿನ ಹಾಗೆ ಗಟ್ಟಿ ಮಾಡುವ ಸ್ಲಶ್ ಮಿಷನ್ ಒಂದು ನಿಮಿಷವೂ ಸುಮ್ಮನಿರದೆ ಗುಂಯ್‌ಗುಡುತ್ತಿತ್ತು. ಕರೆಂಟ್ ಬಿಲ್ ನೋಡಿದ ಅಂಗಡಿ ಓನರ್ ನೀಲಗಂಗಮ್ಮ ಆಂಟಿ ಅದನ್ನು ಮಾರಿಬಿಡುತ್ತೇನೆ ಅಂದರು. ಅದು ಹೋದರೆ ಅದನ್ನು ನೋಡಿಕೊಳ್ಳುವ ನನಗೂ ಕೆಲಸವಿಲ್ಲ. ಕೊನೆಯದಾಗಿ ಒಮ್ಮೆ ನೋಡಲಿ ಎಂದು ಬ್ಯಾಡರಹಳ್ಳಿಯಿಂದ ಮೆಕ್ಯಾನಿಕ್ ತಿಮ್ಮಯ್ಯನವರನ್ನು ಕರೆಸಿದ್ದರು.

ಅವರು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಮಿಷನ್ನಿನ ಬೆನ್ನಿಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ನಾನು ಹೊಲಿದು ತೊಡಿಸಿದ್ದ ಹೂವಿನ ಕವರನ್ನು ಮೆಲ್ಲಗೆ ಬಿಚ್ಚಿದರು. ಧೂಳು ಕೂರದಿರಲಿ ಎಂದು ಮನೆಯ ಫ್ರಿಡ್ಜಿಗೆ, ಮಿಕ್ಸಿಗೆ ಹೊಲಿಯುವ ಹಾಗೆ ನೆರಿಗೆ ಇಟ್ಟು ಹೊಲಿದಿದ್ದೆ. ಬಿಸಿ ಗಾಳಿ ಹೊರಹೋಗುವ ಜಾಲರಿಯನ್ನೇ ಅದು ಮುಚ್ಚಿತ್ತು. ನಾನು ಆಂಟಿಯ ಕಡೆ ನೋಡಿದೆ.

ಹಳೆಯ ಟೂತ್‌ಬ್ರಷ್ಷಿನಿಂದ ಜಾಲರಿ ಉಜ್ಜಿ, ಮಿಷನ್ನನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದರು. ಸ್ವಲ್ಪ ಹೊತ್ತಿಗೆ, ತಂಪು ಸಾಕಾದಾಗ ನಿಲ್ಲಬೇಕಾದ ಹಾಗೆ, ಕಂಪ್ರೆಸರ್ ತಾನಾಗಿಯೇ ನಿಂತಿತು. ಒಳಗೆ ನೇರಳೆ ಹಣ್ಣಿನ ಕಾಲಾಖಟ್ಟಾ ಸ್ಲಶ್ ಗಟ್ಟಿಯಾಗಿಯೇ ತಿರುಗುತ್ತಿತ್ತು.

“ಏನಾಗಿತ್ತು ತಿಮ್ಮಯ್ಯನೋರೇ? ಯಾರ ತಪ್ಪು?” ಗಲ್ಲಾದಿಂದಲೇ ಆಂಟಿ ಕೇಳಿದರು.

“ಉಸಿರು ಕಟ್ಟಿತ್ತು ಕಣಮ್ಮ, ಧೂಳು. ಇನ್ಮೇಲೆ ಕರೆಂಟ್ ಕಮ್ಮಿ ತಗೊಳುತ್ತೆ. ಮಾರ್ಬೇಡಿ.”

ಕವರನ್ನು ಮಡಚಿ ಕೊಡುವಾಗ ನನಗೆ ಮಾತ್ರ ಕೇಳುವಂತೆ, “ಹೊಲಿಗೆ ಚೆನ್ನಾಗೈತೆ ಮಗಳೇ. ಬೆನ್ನು ಬಿಟ್ಟು ಹೊಲಿ,” ಅಂದರು.

ಅಷ್ಟು ತಿಳಿದವರು ಆಂಟಿಯ ಮುಂದೆ ಕವರಿನ ಮಾತನ್ನೇ ಎತ್ತಲಿಲ್ಲ.

ಈಗ ಕವರಿನ ಬೆನ್ನು ಕತ್ತರಿಸಿ ಅಂಚು ಮಡಚಿದ್ದೇನೆ. ಉಳಿದ ಬಟ್ಟೆಯಲ್ಲಿ ಅವರ ಸ್ಕ್ರೂಡ್ರೈವರ್‌ಗಳಿಗೆ ಒಂದು ಚೀಲ ಆಗುತ್ತದೆ. ಅದನ್ನು ಕೊಡುವಾಗ ಬಾಯಿಬಿಟ್ಟು ಏನಾದರೂ ಹೇಳಲೇಬೇಕು.