ರಿಪೇರಿಯೋ, ಗುಜರಿಯೋ

ಮಾರ್ಚ್ 3, ಸೋಮವಾರ
ಅಂಗಡಿಯಲ್ಲಿ ಆರು ಜೊತೆ ಕನ್ನಡಕದ ಲೆನ್ಸ್ ಉಜ್ಜಿದೆ. ಒಂದರ ಅಂಚು ಚಕ್ಕೆ ಎದ್ದಿತು, ಮತ್ತೆ ಮಾಡಿದೆ. ಬಸ್ಸಿನಲ್ಲಿ ಮನೆಗೆ. ಹೆಂಡತಿಯ ಭುಜದ ಪಟ್ಟಿ ಬಿಚ್ಚಲು ಇನ್ನೂ ಎರಡು ವಾರ. ಜಡೆ ನಾನೇ ಹಾಕಿದೆ — ಸೊಟ್ಟ.

ಆಕ್ಸಿಡೆಂಟ್ ಆಗಿ ಹತ್ತು ದಿನ. ಪಾಠ ಮಾಡುವ ಶಾಲೆಗೆ ಹೊರಟಿದ್ದಳು. ಇಳಿಜಾರಿನ ತಿರುವಿನಲ್ಲಿ ಕಾರು ಗೋಡೆಗೆ ಗುದ್ದಿತು. ಬೇರೆ ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಕಾರಿಗೆ ಹದಿನಾರು ವರ್ಷ. ರಿಪೇರಿಯೋ ಗುಜರಿಯೋ ಹೇಳಿ ಎಂದು ಗ್ಯಾರೇಜಿನಿಂದ ಫೋನ್. ನಾಳೆ ಹೇಳುತ್ತೇನೆ ಎಂದೆ.

ಮಾರ್ಚ್ 5
ಹೇಳಲಿಲ್ಲ.

ಮಾರ್ಚ್ 6, ಮಧ್ಯಾಹ್ನ
ಊಟದ ಬಿಡುವಿನಲ್ಲಿ ಗ್ಯಾರೇಜಿಗೆ ಹೋದೆ. ಕಾರಿನ ಮೂತಿ ಒಳಗೆ ಹೋಗಿದೆ. ಮೇಸ್ತ್ರಿ ಕೈ ಒರೆಸಿಕೊಂಡು ಬಂದ.

"ಚಾಸಿ ನೆಟ್ಟಗಿದೆ ಸಾರ್. ಮುಂದಿಂದೆಲ್ಲ ಬದಲಾಯಿಸಿದ್ರೆ ಇನ್ನೂ ನಾಲ್ಕೈದು ವರ್ಷ ಓಡತ್ತೆ." ಆಮೇಲೆ ದನಿ ತಗ್ಗಿಸಿದ. "ಬ್ರೇಕ್ ಪ್ಯಾಡ್ ಪೂರ್ತಿ ಸವೆದಿತ್ತು. ನವೆಂಬರಲ್ಲೇ ಹೇಳಿದ್ನಲ್ಲ ನಿಮಗೆ?"

ಹೇಳಿದ್ದ. ಮುಂದಿನ ವಾರ ತರುತ್ತೇನೆ ಎಂದಿದ್ದೆ.

"ಮೇಡಮ್‌ಗೆ ಗೊತ್ತಾ?"

"ಇಲ್ಲ."

"ಗುಜರಿಗೆ ಹಾಕಿದ್ರೆ ಎಲ್ಲಾ ಅದ್ರ ಜೊತೆಗೇ ಹೋಗತ್ತೆ ಬಿಡಿ."

ಸಮಾಧಾನಕ್ಕೆ ಅಂದನೋ, ಚುಚ್ಚಿದನೋ. ವಾಪಸ್ ಬಂದು ಲೆನ್ಸ್ ಉಜ್ಜಿದೆ. ಒಂದೂ ಚಕ್ಕೆ ಏಳಲಿಲ್ಲ. ಏಳಬೇಕಿತ್ತು...

ಮಾರ್ಚ್ 9, ಭಾನುವಾರ
ಇವಳ ತಮ್ಮ ನೋಡಲು ಬಂದ. "ಅಕ್ಕನ ಕೈಗೆ ಸ್ಟೀರಿಂಗ್ ಕೊಟ್ರೆ ಇನ್ನೇನಾಗತ್ತೆ ಭಾವ?" ಎಂದು ನಕ್ಕ.

ಇವಳೂ ನಕ್ಕಳು. "ಹೌದು ಕಣೋ, ತಪ್ಪು ನಂದೇ. ಬ್ರೇಕ್ ಒತ್ತೋದು ತಡ ಆಯ್ತು."

ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ.

ಅವನು ಹೋದ ಮೇಲೆ ಇವಳೆಂದಳು: "ಗುಜರಿಗೇ ಹಾಕಿಬಿಡಿ ರೀ. ನಾನಿನ್ನು ಓಡ್ಸಲ್ಲ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. "ನೋಡೋಣ" ಎಂದೆ.

ಮಾರ್ಚ್ 17
ಪಟ್ಟಿ ಬಿಚ್ಚಿದರು. ಟ್ಯಾಕ್ಸಿಯಲ್ಲಿ ಬರುವಾಗ ಪ್ರತಿ ಇಳಿಜಾರಿಗೂ ಇವಳ ಬಲಗಾಲು ನೆಲ ಒತ್ತುತ್ತಿತ್ತು. ಇಲ್ಲದ ಬ್ರೇಕು. ಇವಳ ಗಮನಕ್ಕೇ ಬಂದಂತಿರಲಿಲ್ಲ.

ಮಾರ್ಚ್ 18, ಬೆಳಿಗ್ಗೆ 10
ಮೇಸ್ತ್ರಿಗೆ ಫೋನ್. ರಿಪೇರಿ ಮಾಡಿ ಎಂದೆ. ಹಳೇ ಪ್ಯಾಡ್ ಎಸೆಯಬೇಡಿ ಎಂದೆ.

"ಅದ್ಯಾಕೆ ಸಾರ್?"

"ಮನೇಲಿ ತೋರಿಸ್ಬೇಕು."

ಅದೇ ದಿನ, ಸಂಜೆ 7
ಪ್ಯಾಡ್ ಮೇಜಿನ ಮೇಲಿಟ್ಟೆ. ನವೆಂಬರಿನ ಮಾತು ಹೇಳಿದೆ. ಎಲ್ಲ. ಇವಳು ಅದನ್ನೆತ್ತಿ ಹೆಬ್ಬೆರಳಿನಿಂದ ಸವರಿದಳು. ಬರೀ ಕಬ್ಬಿಣ.

"ಹಾಗಾದ್ರೆ ನಾನು ಸರಿಯಾದ ಹೊತ್ತಿಗೇ ಒತ್ತಿದ್ದೆ."

"ಹೂಂ."

"ಇಪ್ಪತ್ತೈದು ದಿನ ರೀ. ಇಪ್ಪತ್ತೈದು ದಿನ ನೋಡ್ತಾ ಇದ್ರಲ್ಲ."

ಬೈಯಲಿಲ್ಲ. ಅಳಲಿಲ್ಲ. ತಮ್ಮನಿಗೆ ಫೋನ್ ಮಾಡಿ ನನ್ನ ಕೈಗಿಟ್ಟಳು. "ನೀವೇ ಹೇಳಿ."

ಹೇಳಿದೆ.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ 8
ನಿನ್ನೆ ಕಾರು ಬಂತು. ಮಾತು ಇನ್ನೂ ಅಷ್ಟಕ್ಕಷ್ಟೇ. ಇವತ್ತು ಕೀ ಕೇಳಿದಳು. "ಮೊದಲು ಒಬ್ಳೇ ಹೋಗ್ಬರ್ತೀನಿ."

ನಲವತ್ತು ನಿಮಿಷವಾಯಿತು. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗೆ ಬರುತ್ತಿಲ್ಲ. ಹಾರ್ನ್ — ಅಲ್ಲ, ಬೇರೆ ಯಾರದೋ.

ಬಂದಳು. ಇಳಿಯುತ್ತಿಲ್ಲ. ಇಂಜಿನ್ ಆರಿಸಿಲ್ಲ. ಕೈ ಚಾಚಿ ಪಕ್ಕದ ಬಾಗಿಲು ತೆರೆದು ನನ್ನನ್ನು ಕರೆಯುತ್ತಿದ್ದಾಳೆ. ಹೊರಟೆ.